ಅಜ್ಜನ ಕೋವಿಯೋ, ಹೊಸ ಕೋವಿಯೋ? ಮನೆಯ ರಕ್ಷಣೆಗೆ ತೋಟಾ ಕೋವಿಯ ಆಯ್ಕೆ

ಮಲೆನಾಡು, ಕೊಡಗು ಹಾಗೂ ಕರಾವಳಿಯ ಹಳೆಯ ಮನೆಗಳಲ್ಲಿ ಕೋವಿಯು ಅಪರೂಪದ ವಸ್ತುವಲ್ಲ. ಅಡಕೆ, ಕಾಫಿ, ಏಲಕ್ಕಿ ತೋಟಗಳ ನಡುವೆ, ಕೂಗಿದರೆ ನೆರೆಯವರಿಗೆ ಕೇಳಿಸದಷ್ಟು ದೂರದಲ್ಲಿರುವ ಒಂಟಿ ಮನೆಗಳಲ್ಲಿ ಹಿರಿಯರು ಶಿಕಾರಿಗೆಂದು ಕೊಂಡ ಜೋಡಿ ನಳಿಕೆಯ ಕೋವಿಯೊಂದು ಇಂದಿಗೂ ಇದ್ದೀತು. ಶಿಕಾರಿಯ ಕಾಲ ಮುಗಿದು ಬಹಳ ವರ್ಷಗಳಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಬೇಟೆಯು ಅಪರಾಧವಾಯಿತು. ಕೋವಿ ಮಾತ್ರ ಮನೆಯಲ್ಲಿಯೇ ಉಳಿಯಿತು. ಮಕ್ಕಳೆಲ್ಲ ನಗರ ಸೇರಿ, ವಯಸ್ಸಾದ ದಂಪತಿಗಳಷ್ಟೇ ಮನೆಯಲ್ಲಿ ಉಳಿದಾಗ, ಸುತ್ತಮುತ್ತ ಎಲ್ಲಿಯಾದರೂ ಕಳವಾದ ಸುದ್ದಿ ಬಂದಾಗ ಈ ಕೋವಿಯ ನೆನಪಾಗುತ್ತದೆ. ಅದನ್ನೇ ಒರೆಸಿ, ಎಣ್ಣೆ ಹಚ್ಚಿ ಇಟ್ಟುಕೊಳ್ಳುವುದೇ? ಅಥವಾ ಅದನ್ನು ಬದಿಗಿರಿಸಿ ಮತ್ತೊಂದನ್ನು ಕೊಳ್ಳುವುದೇ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. ಹಳೆಯದರಷ್ಟು ಗಟ್ಟಿಯಾದ ಕೋವಿ ಈಗ ಎಲ್ಲಿ ಸಿಗುತ್ತದೆ ಎಂಬುದು ಒಂದು. ಹೊಸದಾದರೆ ಹೆಚ್ಚು ತೋಟಾ ಹಿಡಿಯುತ್ತದೆ, ಬೇಗ ಈಡು ಹಾರಿಸಬಹುದು ಎಂಬುದು ಇನ್ನೊಂದು. ಎರಡೂ ಮೂಲಪ್ರಶ್ನೆಯನ್ನು ಮುಟ್ಟುವುದಿಲ್ಲ. ಯಾವ ಕೋವಿ ಉತ್ತಮ ಎನ್ನುವುದಕ್ಕೆ ಮೊದಲು, ಹಳೆಯ ಕೋವಿಯು ಇಂದಿನ ತೋಟಾದ ಒತ್ತಡವನ್ನು ತಾಳಬಲ್ಲುದೇ ಎಂಬುದನ್ನು ತಿಳಿಯಬೇಕು. ತಾಳಲಾರದ ಕೋವಿಯು ಕಳ್ಳನಿಗಿಂತ ಮೊದಲು ಹಿಡಿದವನ ಕೈಯನ್ನೇ ತೆಗೆಯುತ್ತದೆ.

ಕೋವಿಯ ಬಗೆಗಳು

ನಮ್ಮ ಕಡೆಯ ಪರವಾನಗಿ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆಗಳು ಮೂರು. ಮೊದಲನೆಯದು ಬಾಯಿಯ ಕಡೆಯಿಂದ ಮದ್ದು, ಚರೆ ತುಂಬಿ ಗಜದಿಂದ ಜಡಿಯುವ ಕೇಪಿನ ಕೋವಿ. ದಾಖಲೆಗಳಲ್ಲಿ ಇದು ಎಸ್.ಬಿ.ಎಂ.ಎಲ್. ಎರಡನೆಯದು ಹಿಂಬದಿಯಲ್ಲಿ ಮುರಿದು ತೋಟಾ ಹಾಕುವ ಒಂಟಿ ನಳಿಕೆಯ ಕೋವಿ, ಅಂದರೆ ಎಸ್.ಬಿ.ಬಿ.ಎಲ್. ಮೂರನೆಯದು ಜೋಡಿ ನಳಿಕೆಯದು, ಅಂದರೆ ಡಿ.ಬಿ.ಬಿ.ಎಲ್. ಇವುಗಳಿಗೆ ಇತ್ತೀಚಿನ ಸೇರ್ಪಡೆ, ನಳಿಕೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಜಗ್ಗಿ ತೋಟಾ ಬದಲಿಸುವ ಪಂಪ್ ಆಕ್ಷನ್ ಕೋವಿ.

ತೋಟಾ ಕೋವಿಗಳ ಪೈಕಿ ಹೆಚ್ಚಿನವು 12 ಬೋರಿನವು. ನಳಿಕೆಯ ಒಳ ಅಳತೆಗೆ ಸರಿಹೊಂದುವ ಸೀಸದ ಗುಂಡುಗಳು 12 ಸೇರಿದರೆ ಒಂದು ಪೌಂಡ್ ತೂಗುತ್ತವೆ ಎಂಬುದೇ ಈ ಹೆಸರಿನ ಮೂಲ. ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಬೋರಿನ ಸಂಖ್ಯೆ ಹೆಚ್ಚಿದಂತೆ ನಳಿಕೆ ಕಿರಿದಾಗುತ್ತದೆ. 20 ಬೋರು 12ಕ್ಕಿಂತ ಸಣ್ಣದು.

ಕೇಪಿನ ಕೋವಿಯು ಬೆಳೆ ಕಾಯಲು ಇರುವಂಥದು. ಒಮ್ಮೆ ಹಾರಿಸಿದರೆ ಮತ್ತೆ ತುಂಬಲು ಹೊತ್ತು ಬೇಕು. ಮಳೆಗಾಲದಲ್ಲಿ ಮದ್ದು ತೇವ ಹಿಡಿಯುತ್ತದೆ. ತುಂಬಿಟ್ಟ ಈಡನ್ನು ಸುಲಭವಾಗಿ ಹೊರತೆಗೆಯುವಂತಿಲ್ಲ. ಆದ್ದರಿಂದ ಮನೆಯ ರಕ್ಷಣೆಯ ಲೆಕ್ಕದಿಂದ ಅದನ್ನು ಹೊರಗಿಡುವುದೇ ಸೂಕ್ತ.

ಹಳೆಯ ಕೋವಿಯ ಪರೀಕ್ಷೆ

ಮೊದಲು ನಳಿಕೆಯ ಲೋಹವನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಅನೇಕ ಕೋವಿಗಳ ನಳಿಕೆಯ ಮೇಲೆ ನೀರಿನ ಅಲೆಯಂಥ, ಮರದ ಎಳೆಯಂಥ ಚಿತ್ತಾರ ಕಾಣುತ್ತದೆ. ಇದು ಕೇವಲ ಅಲಂಕಾರವಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ, ಸರಳಿನ ಸುತ್ತ ಸುತ್ತಿ, ಬಡಿದು ಬೆಸೆದು ಮಾಡಿದ ಡಮಾಸ್ಕಸ್ ನಳಿಕೆಯ ಗುರುತು ಅದು. ಇಂಥವುಗಳಲ್ಲಿ ಹೆಚ್ಚಿನವು ಕರಿಮದ್ದಿನ ಕಾಲದವು. ಇಂದಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ನೈಟ್ರೋ ಮದ್ದಿನ ಒತ್ತಡದ ಬಗೆಯೇ ಬೇರೆ. ಬೆಸುಗೆಯ ಎಳೆಗಳ ನಡುವೆ ನೂರು ವರ್ಷಗಳಿಂದ ಒಳಗೊಳಗೇ ತುಕ್ಕು ಹಿಡಿದಿದ್ದರೆ ಹೊರಗಿನಿಂದ ಅದು ಕಾಣಿಸದು. ಅಂಥ ಕೋವಿಯು ಗೋಡೆಯ ಮೇಲೆ ಚೆಂದ, ಹೆಗಲ ಮೇಲಲ್ಲ.

ಎರಡನೆಯದು ಮುದ್ರೆ. ಬ್ರಿಟನ್ನಿನಲ್ಲಿ ತಯಾರಾದ ಕೋವಿಗಳನ್ನು ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿನಲ್ಲಿ ಹೆಚ್ಚಿನ ಒತ್ತಡದ ಈಡು ಹಾರಿಸಿ ಪರೀಕ್ಷಿಸಿ, ತಾಳಿದವುಗಳಿಗೆ ಮಾತ್ರ ಮುದ್ರೆ ಒತ್ತುತ್ತಾರೆ. ಬರ್ಮಿಂಗ್‌ಹ್ಯಾಮಿನ ಸಂಸ್ಥೆ 1813ರಷ್ಟು ಹಳೆಯದು. ಗ್ರೀನರ್, ವೆಬ್ಲಿ ಅಂಡ್ ಸ್ಕಾಟ್ ಮೊದಲಾದ ಹೆಸರಾಂತ ತಯಾರಕರೂ ಆ ಊರಿನವರೇ. ನಳಿಕೆಯನ್ನು ಬಿಚ್ಚಿ, ತೋಟಾ ಕೂರುವ ಭಾಗದ ಕೆಳಮೈಯನ್ನು ಭೂತಕನ್ನಡಿಯಲ್ಲಿ ನೋಡಿದರೆ ಈ ಮುದ್ರೆಗಳು ಕಾಣುತ್ತವೆ. ನೈಟ್ರೋ ಪ್ರೂಫ್ ಎಂಬ ಪದಗಳು ಅಥವಾ ಕಿರೀಟದ ಕೆಳಗೆ ಎನ್.ಪಿ. ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಗೊಂಡದ್ದು. ಇಲ್ಲದಿದ್ದರೆ ಆ ಕೋವಿಯನ್ನು ಕರಿಮದ್ದಿನದೆಂದೇ ಭಾವಿಸತಕ್ಕದ್ದು. ಮುದ್ರೆಯಿದ್ದರೂ ಅದು ಒತ್ತಿದ ದಿನದ ಸಾಕ್ಷ್ಯ ಮಾತ್ರ. ಅನಂತರದ ತುಕ್ಕು, ನಗ್ಗು, ಉಜ್ಜಾಟಗಳಿಗೆ ಅದು ಹೊಣೆಯಲ್ಲ.

ಮೂರನೆಯದು, ಬಹಳ ಮಂದಿ ಎಡವುವ ಜಾಗ, ತೋಟಾದ ಉದ್ದ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವುಗಳ ತೋಟಾ ಮನೆ ಎರಡೂವರೆ ಅಂಗುಲ, ಅಂದರೆ 65 ಮಿ.ಮೀ. ಉದ್ದದ್ದು. ಇಂದು 70 ಮಿ.ಮೀ. ತೋಟಾಗಳು ವ್ಯಾಪಕವಾಗಿವೆ. ಪೆಟ್ಟಿಗೆಯ ಮೇಲೆ ಬರೆದಿರುವ ಈ ಅಳತೆಯು ಹಾರಿಸಿದ ನಂತರ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದವೇ ಹೊರತು ಹಾರಿಸುವ ಮುಂಚಿನದಲ್ಲ. ಬಾಯಿ ಮಡಚಿರುವ 70 ಮಿ.ಮೀ. ತೋಟಾವು 65 ಮಿ.ಮೀ. ಮನೆಯೊಳಗೆ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ಒಳಗೆ ಹೋಯಿತು, ಆದ್ದರಿಂದ ಸರಿಯಾಗಿದೆ ಎಂಬ ತರ್ಕ ಇಲ್ಲಿ ನಡೆಯದು.

ಇದೇ ಬಗೆಯ ಇನ್ನೊಂದು ಅಪಾಯವೂ ಉಂಟು. 20 ಬೋರಿನ ತೋಟಾ ಅಪ್ಪಿತಪ್ಪಿ 12 ಬೋರಿನ ನಳಿಕೆಗೆ ಬಿದ್ದರೆ ಒಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ನಳಿಕೆ ಖಾಲಿಯೆಂದು ತಿಳಿದು ಹಿಂದಿನಿಂದ 12ರ ತೋಟಾ ಹಾಕಿ ಹಾರಿಸಿದರೆ ನಳಿಕೆ ಸಿಡಿಯುತ್ತದೆ. 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ವಾಡಿಕೆ ಬಂದದ್ದು ಈ ಕಾರಣಕ್ಕೇ. ಎರಡು ಬೋರಿನ ತೋಟಾಗಳನ್ನು ಒಂದೇ ಡಬ್ಬಿಯಲ್ಲಿ ಇಡಲೇಬಾರದು.

ನಾಲ್ಕನೆಯದು ಯಂತ್ರಭಾಗ. ಖಾಲಿ ಕೋವಿಯನ್ನು ಮುಚ್ಚಿ ಅಲುಗಿಸಿದಾಗ ನಳಿಕೆ ಕೀಲಿನಲ್ಲಿ ಅಲ್ಲಾಡಿದರೆ ಅದು ಸವೆದಿದೆ. ಬಿಚ್ಚಿದ ನಳಿಕೆಯನ್ನು ತೂಗುಹಾಕಿ ಮರದ ತುಂಡಿನಿಂದ ಮೆಲ್ಲನೆ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಬೋದು ಸದ್ದು ಬಂದರೆ ಎರಡು ನಳಿಕೆಗಳ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿರಬಹುದು. ಬೆಳಕಿಗೆ ಹಿಡಿದು ನೋಡಿದಾಗ ಒಳಗೆ ಗುಳಿಗಳು, ನಗ್ಗು, ಉಬ್ಬು ಕಾಣಬಾರದು. ಹೊರಗೆ ಕುದುರೆಗಳಿರುವ ಬಹಳ ಹಳೆಯ ಕೋವಿಗಳಲ್ಲಿ ಇಳಿಸಿದ ಕುದುರೆಯು ನೇರವಾಗಿ ಸೂಜಿಯ ಮೇಲೆಯೇ ಕೂರುವ ರಚನೆ ಇರುವುದುಂಟು. ಅಂಥದರಲ್ಲಿ ತೋಟಾ ಇದ್ದು, ಕೋವಿ ಕೆಳಗೆ ಬಿದ್ದರೆ ತಾನಾಗಿ ಹಾರಬಹುದು.

ಇವೆಲ್ಲ ಮನೆಯವರು ಮಾಡಬಹುದಾದ ಮೊದಲ ನೋಟ ಮಾತ್ರ. ಅಂತಿಮ ತೀರ್ಮಾನವನ್ನು ನಳಿಕೆಯ ಗೋಡೆಯ ದಪ್ಪ ಅಳೆಯಬಲ್ಲ, ಪರವಾನಗಿ ಪಡೆದ ಕೋವಿ ರಿಪೇರಿಯವರಿಗೇ ಬಿಡಬೇಕು. ಮರಕ್ಕೆ ಕಟ್ಟಿ, ಹಗ್ಗದಿಂದ ಎಳೆದು ಒಂದು ಈಡು ಹಾರಿಸಿ ನೋಡುವ ಹಳ್ಳಿಯ ಪದ್ಧತಿ ಪರೀಕ್ಷೆಯಲ್ಲ. ಮೊದಲ ಈಡಿಗೆ ತಾಳಿದ ನಳಿಕೆ ಹತ್ತನೆಯದಕ್ಕೆ ಸೀಳಬಹುದು.

ಮತ್ತೊಂದು ಕೋವಿ ಕೊಳ್ಳುವುದಾದರೆ

ಪರೀಕ್ಷೆಯಲ್ಲಿ ಹಳೆಯ ಕೋವಿ ಗೆದ್ದರೆ, ಅಳತೆಗೆ ತಕ್ಕ ತೋಟಾ ದೊರೆಯುವುದಾದರೆ, ಮನೆಯ ರಕ್ಷಣೆಗೆ ಬೇರೆ ಕೋವಿಯ ಅಗತ್ಯ ಬಹುಮಟ್ಟಿಗೆ ಇಲ್ಲ. ಜೋಡಿ ನಳಿಕೆಯ ರಚನೆ ಸರಳ. ಮುರಿದು ನೋಡಿದೊಡನೆ ತುಂಬಿದೆಯೋ ಖಾಲಿಯೋ ಎಂಬುದು ಕಣ್ಣಿಗೇ ಕಾಣುತ್ತದೆ. ಕತ್ತಲಲ್ಲಿ ಬೆರಳಿಗೂ ತಿಳಿಯುತ್ತದೆ. ಒಂದು ತೋಟಾ ಹಾರದಿದ್ದರೆ ಇನ್ನೊಂದಿರುತ್ತದೆ. ಅದರ ಕೊರತೆಯೆಂದರೆ ಉದ್ದ. ಹಾರುವ ಹಕ್ಕಿಗೆ ಗುರಿಯಿಡಲು ಮಾಡಿದ 28 ಅಥವಾ 30 ಅಂಗುಲದ ನಳಿಕೆ ಕಿರಿದಾದ ಬಾಗಿಲು, ಅಟ್ಟದ ಮೆಟ್ಟಿಲುಗಳಲ್ಲಿ ತೊಡರುತ್ತದೆ.

ಹಾಗೆಂದು ನಳಿಕೆಯನ್ನು ಗರಗಸದಿಂದ ಕೊಯ್ಯಿಸುವ ಯೋಚನೆ ಕೂಡದು. ಪರವಾನಗಿಯಿಲ್ಲದೆ ನಳಿಕೆ ಗಿಡ್ಡಮಾಡುವುದನ್ನು ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ನಿಷೇಧಿಸುತ್ತದೆ. 20 ಅಂಗುಲಕ್ಕಿಂತ ಗಿಡ್ಡ ನಳಿಕೆಯ ಕೋವಿಯು ಸಾಮಾನ್ಯ ಪರವಾನಗಿಯ ವರ್ಗದಿಂದಲೇ ಹೊರಬೀಳುತ್ತದೆ.

ಹಳೆಯದು ಸೋತರೆ ಆಯ್ಕೆಗೆ ಉಳಿಯುವವು ಹೊಸ ಒಂಟಿ ನಳಿಕೆ, ಹೊಸ ಜೋಡಿ ನಳಿಕೆ ಮತ್ತು ಪಂಪ್ ಆಕ್ಷನ್. ಒಂಟಿ ನಳಿಕೆ ಹಗುರ, ಅಗ್ಗ. ಆದರೆ ಹಗುರವಾದಷ್ಟೂ ಹೆಗಲಿಗೆ ಒದೆತ ಜಾಸ್ತಿ. ಪಂಪ್ ಆಕ್ಷನ್ ಹೆಚ್ಚು ತೋಟಾ ಹಿಡಿಯುವುದು ನಿಜ. ಆದರೆ ಹಿಡಿಯನ್ನು ಪೂರ್ತಿಯಾಗಿ ಹಿಂದಕ್ಕೆ ಜಗ್ಗಿ ಪೂರ್ತಿಯಾಗಿ ಮುಂದಕ್ಕೆ ತಳ್ಳದಿದ್ದರೆ ತೋಟಾ ನಡುವೆ ಸಿಕ್ಕಿಕೊಳ್ಳುತ್ತದೆ. ಹೆದರಿ ನಡುಗುವ ಕೈಗಳಿಂದ ಆಗುವ ತಪ್ಪು ಇದೇ. ಸಾಲದುದಕ್ಕೆ, ಒಳಗೆ ಎಷ್ಟು ತೋಟಾ ಉಳಿದಿವೆ ಎಂಬುದು ಹೊರಗೆ ಕಾಣದು. ಮತ್ತೆ ಮತ್ತೆ ಅಭ್ಯಾಸ ಮಾಡುವ ಅನುಕೂಲವಿದ್ದವರಿಗೆ ಮಾತ್ರ ಅದು ತಕ್ಕದ್ದು. ವರ್ಷಕ್ಕೊಮ್ಮೆ ಕೋವಿ ಮುಟ್ಟುವವರಿಗೆ ಮುರಿದು ತುಂಬುವ ಕೋವಿಯೇ ಲೇಸು.

ಕೋವಿಯನ್ನು ನಿಜವಾಗಿ ಎತ್ತಬೇಕಾದವರು ಯಾರೆಂಬುದನ್ನೂ ಯೋಚಿಸತಕ್ಕದ್ದು. ಎಪ್ಪತ್ತು ದಾಟಿದವರ ಹೆಗಲು ತಾಳದ ಕೋವಿ ಎಷ್ಟು ಹೊಸದಾದರೇನು? ಪರವಾನಗಿ ಮನೆಗಲ್ಲ, ವ್ಯಕ್ತಿಗೆ ಎಂಬುದೂ ನೆನಪಿರಲಿ. ಯಜಮಾನರ ಹೆಸರಿನ ಕೋವಿಯ ಮೇಲೆ ಮನೆಯ ಇತರರಿಗೆ ತಾನಾಗಿ ಹಕ್ಕು ಬರುವುದಿಲ್ಲ.

ಮನೆಯೊಳಗೆ ಚರೆಯ ನಡತೆ

ತೋಟಾ ಕೋವಿಗೆ ಗುರಿ ಬೇಡ, ಚರೆಗಳು ಹರಡಿಕೊಳ್ಳುತ್ತವೆ ಎಂಬ ನಂಬಿಕೆ ಬಲವಾಗಿದೆ. ಬಾಯಿ ಬಿಗಿಯಿಲ್ಲದ ನಳಿಕೆಯಿಂದಲೂ ಚರೆಗಳು ಸ್ಥೂಲವಾಗಿ ಒಂದು ಗಜ ದೂರಕ್ಕೆ ಒಂದು ಅಂಗುಲದಷ್ಟು ಮಾತ್ರ ಹರಡುತ್ತವೆ. ಐದು ಮೀಟರಿನ ಕೋಣೆಯಲ್ಲಿ ಅದು ಅಂಗೈಯಗಲ. ಬೇಟೆಯ ಕೋವಿಗಳಲ್ಲಿ ಸಾಮಾನ್ಯವಾದ ಬಿಗಿಬಾಯಿಯ ನಳಿಕೆಯಿಂದ ಇನ್ನೂ ಕಡಿಮೆ. ಅಷ್ಟು ಸಮೀಪದಲ್ಲಿ ಚರೆಗಳೆಲ್ಲ ಒಂದೇ ಮುದ್ದೆಯಾಗಿ ಹೋಗಿ ತಗಲುತ್ತವೆ. ಹೆದರಿಸಲೆಂದು ಹಾರಿಸುವ ಸಣ್ಣ ಚರೆಯ ಈಡೂ ಕೊಲ್ಲುತ್ತದೆ. ಹಲಗೆಯ ಅಡ್ಡಗೋಡೆ, ತೆಳುವಾದ ಬಾಗಿಲುಗಳನ್ನು ದಾಟಿ ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಮುಟ್ಟುತ್ತದೆ.

ಕತ್ತಲಲ್ಲಿ ಸದ್ದಾದದ್ದು ಕಳ್ಳನಿಂದಲೇ ಎಂಬ ಖಾತ್ರಿಯಿಲ್ಲ. ತಡರಾತ್ರಿಯ ಬಸ್ಸಿಳಿದು ಹೇಳದೆ ಬಂದ ಮಗನಿರಬಹುದು, ಹಸು ಈಯುವುದನ್ನು ನೋಡಲು ಎದ್ದ ಆಳಿರಬಹುದು. ಯಾರೆಂದು ಕಣ್ಣಾರೆ ಕಾಣದೆ ಟ್ರಿಗರಿನ ಮೇಲೆ ಬೆರಳಿಡಬಾರದು. ಒಳ್ಳೆಯ ಟಾರ್ಚು ಕೋವಿಗಿಂತ ಮೊದಲು ಕೈಗೆ ಬರಬೇಕು.

ಪರವಾನಗಿ ಮತ್ತು ಉತ್ತರಾಧಿಕಾರ

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನ ಪ್ರಕಾರ, ರಕ್ಷಣೆಗಾಗಿ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಕೆಯ ಚರೆಕೋವಿಗೆ ಹಾಗೂ ಬೆಳೆ ರಕ್ಷಣೆಗಾಗಿ ಕೇಪಿನ ಕೋವಿಗೆ ಪರವಾನಗಿ ಕೋರಬಹುದು. ಅರ್ಜಿದಾರರು ಅನರ್ಹರೆಂದು ಅಥವಾ ಸಾರ್ವಜನಿಕ ಶಾಂತಿಗೆ ಧಕ್ಕೆಯೆಂದು ಕಂಡರೆ 14ನೇ ಕಲಮಿನ ಮೇರೆಗೆ ನಿರಾಕರಿಸಲೂಬಹುದು. 2019ರ ತಿದ್ದುಪಡಿಯು ಎರಡು ಮುಖ್ಯ ಬದಲಾವಣೆಗಳನ್ನು ತಂದಿತು. ಒಬ್ಬ ವ್ಯಕ್ತಿ ಹೊಂದಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ವಂಶಪಾರಂಪರ್ಯವಾಗಿ ಬಂದ ಕೋವಿಯೂ ಈ ಎರಡರ ಮಿತಿಯೊಳಗೇ ಸೇರುತ್ತದೆ.

ಅಜ್ಜನ ಕೋವಿ ತಾನಾಗಿ ಮೊಮ್ಮಗನದಾಗುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರರು ತೀರಿಕೊಂಡ ಮೇಲೆ, ಅಥವಾ ಅವರಿಗೆ 70 ವರ್ಷ ತುಂಬಿದಾಗ ಇಲ್ಲವೇ ಕೋವಿಯನ್ನು 25 ವರ್ಷ ಹೊಂದಿದ್ದಾಗ, ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಬಹುದು. ಅಲ್ಲಿಯವರೆಗೆ, ವಿಶೇಷವಾಗಿ ಮರಣದ ಸಂದರ್ಭದಲ್ಲಿ, ಕೋವಿಯನ್ನು ಪೊಲೀಸ್ ಠಾಣೆಯಲ್ಲಿಯೋ ಪರವಾನಗಿಯುಳ್ಳ ವರ್ತಕರಲ್ಲಿಯೋ ಠೇವಣಿಯಿಡಬೇಕು. ಅಟ್ಟದ ಮೇಲೆ ಸುಮ್ಮನೆ ಇಟ್ಟುಕೊಂಡರೆ ಅದು ಅಕ್ರಮ ಶಸ್ತ್ರ. ಬೇಡವೆನಿಸಿದ ಕೋವಿಯನ್ನು ಮಾರುವುದಕ್ಕೂ ಮೊದಲೇ ಲಿಖಿತ ಸೂಚನೆ ಅಗತ್ಯ. ಅಭಯಾರಣ್ಯದ 10 ಕಿ.ಮೀ. ಒಳಗಿನ ಪರವಾನಗಿದಾರರು ವನ್ಯಜೀವಿ ಕಾಯ್ದೆಯ 34ನೇ ಕಲಮಿನಂತೆ ಅರಣ್ಯ ಇಲಾಖೆಯಲ್ಲಿಯೂ ಹೆಸರು ನೋಂದಾಯಿಸಬೇಕು.

ಕೊಡಗಿನ ಸ್ಥಿತಿ ಭಿನ್ನ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾಗೊಳಿಸಿತು. ವಿನಾಯಿತಿ ಇರುವುದು ಪರವಾನಗಿಗೆ ಮಾತ್ರ. ಸವೆದ ನಳಿಕೆಗೆ ಯಾವ ವಿನಾಯಿತಿಯೂ ಇಲ್ಲ.

ಆತ್ಮರಕ್ಷಣೆಯ ಹಕ್ಕಿನ ಮೇರೆ

ಕೋವಿಗೆ ಪರವಾನಗಿ ಇದೆಯೆಂದರೆ ಕಳ್ಳನಿಗೆ ಗುಂಡು ಹಾರಿಸಲು ಅನುಮತಿಯಿದೆ ಎಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಹಿಂದಿನ ದಂಡ ಸಂಹಿತೆಯಲ್ಲಿ ಇವು 96ರಿಂದ 106ನೇ ಕಲಮುಗಳಾಗಿದ್ದವು. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ ಎಂಬುದು ಮೂಲತತ್ತ್ವ. ಆಸ್ತಿಯ ರಕ್ಷಣೆಯಲ್ಲಿ ಸಾವು ಸಂಭವಿಸಿದರೂ ಹಕ್ಕಿನೊಳಗೆ ಬರುವ ಸಂದರ್ಭಗಳನ್ನು 41ನೇ ಕಲಂ ಹೆಸರಿಸುತ್ತದೆ: ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಮನೆಗೆ ಕನ್ನ ಹಾಕುವುದು, ವಾಸದ ಮನೆಗೆ ಬೆಂಕಿಯಿಡುವುದು ಹಾಗೂ ಸಾವಿನ ಅಥವಾ ತೀವ್ರ ಗಾಯದ ಭಯ ಹುಟ್ಟಿಸುವಂಥ ಕಳವು, ಅತಿಕ್ರಮ ಪ್ರವೇಶ. ಅಂಗಳದಲ್ಲಿ ಒಣಗಲು ಹಾಕಿದ ಅಡಕೆಯನ್ನು ಕದ್ದು ಓಡುತ್ತಿರುವವನ ಬೆನ್ನಿಗೆ ಹಾರಿಸಿದ ಈಡು ಈ ಪಟ್ಟಿಯಲ್ಲಿಲ್ಲ. ಕನ್ನ ಹಾಕಿದವನು ಮನೆಯಿಂದ ಹೊರಟ ಮೇಲೆ ಕನ್ನದ ಹೆಸರಿನಲ್ಲಿ ಬಂದ ಹಕ್ಕೂ ಮುಗಿಯಿತು.

2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕಿನ ತತ್ತ್ವಗಳನ್ನು ಕ್ರೋಡೀಕರಿಸಿದೆ. ಆಕ್ರಮಣಕ್ಕೊಳಗಾದವನು ಹೇಡಿಯಂತೆ ಓಡಬೇಕಾಗಿಲ್ಲ. ಆದರೆ ಈ ಹಕ್ಕು ಸೇಡಿಗಾಗಿ ಇರುವುದಲ್ಲ ಎಂಬುದು ಅದರ ಸಾರ. ಬೆದರಿಸಲೆಂದು ಅಜಾಗರೂಕತೆಯಿಂದ ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಜೋಪಾನ

ತುಂಬಿದ ಕೋವಿಯನ್ನು ಬಾಗಿಲ ಮರೆಯಲ್ಲಿ ಒರಗಿಸಿಡುವುದು ಹಿಂದಿನ ವಾಡಿಕೆ. ರಜೆಗೆ ಬಂದ ಮಕ್ಕಳಿರುವ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯ ಬೇರಿಲ್ಲ. ಕೋವಿಯನ್ನು ಖಾಲಿಯಾಗಿ ಬೀಗದೊಳಗೆ ಇಡಬೇಕು. ತೋಟಾಗಳಿಗೆ ಬೇರೆ ಬೀಗ, ಬೇರೆ ಜಾಗ. ಮನೆಯಲ್ಲಿ ಮನೋವ್ಯಥೆಯಿಂದ, ಕುಡಿತದಿಂದ ಅಥವಾ ಮರೆವಿನ ಕಾಯಿಲೆಯಿಂದ ಬಳಲುವವರಿದ್ದರೆ ಕೋವಿಯನ್ನು ಠೇವಣಿಯಿಡುವುದೇ ವಿವೇಕ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನಳಿಕೆಯೊಳಗೆ ಎಣ್ಣೆಬಟ್ಟೆ ಎಳೆಯಬೇಕು. ಬೂಸಲು ಹಿಡಿದ, ಊದಿದ, ತಳ ತುಕ್ಕಾದ ತೋಟಾಗಳನ್ನು ಬಳಸದೆ ವರ್ತಕರಿಗೆ ಅಥವಾ ಠಾಣೆಗೆ ಒಪ್ಪಿಸಬೇಕು.

ಇಷ್ಟಾದರೂ ಕೋವಿ ಸದಾ ಮನೆಯಲ್ಲಿರುವುದಿಲ್ಲ. ಚುನಾವಣೆ ಘೋಷಣೆಯಾದಾಗ ಠೇವಣಿಯಿಡುವಂತೆ ಆದೇಶ ಬರುವುದುಂಟು. ಆಗ ವಾರಗಟ್ಟಲೆ ಕೋವಿ ಠಾಣೆಯಲ್ಲಿರುತ್ತದೆ. ಆ ದಿನಗಳಲ್ಲಿಯೂ ಮನೆಯನ್ನು ಕಾಯುವವು ಗಟ್ಟಿಯಾದ ಅಗುಳಿ, ಅಂಗಳದ ದೀಪ, ಬೊಗಳುವ ನಾಯಿ, ಕರೆದರೆ ಬರುವ ನೆರೆಯವರು ಮತ್ತು 112 ಎಂಬ ತುರ್ತು ಸಂಖ್ಯೆ. ಇವನ್ನು ಮೊದಲು ಸರಿಪಡಿಸಿಕೊಂಡವರಿಗೆ ಕೋವಿಯು ಕೊನೆಯ ಆಸರೆ. ಇವಿಲ್ಲದವರಿಗೆ ಅದು ಆಸರೆಯೂ ಅಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ನೈಟ್ರೋ ಮುದ್ರೆಯುಳ್ಳ, ನಳಿಕೆ ನಿರ್ದೋಷವಾದ, ಅಳತೆಯ ತೋಟಾ ಸಿಗುವ ಹಳೆಯ ಜೋಡಿ ನಳಿಕೆಯ ಕೋವಿಯನ್ನು ಬಿಟ್ಟು ಹೊಸದಕ್ಕೆ ಹಣ ಸುರಿಯಬೇಕಾಗಿಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ, ಅಜ್ಜನ ಮೇಲಿನ ಗೌರವ ಎಷ್ಟೇ ಇರಲಿ, ಆ ಕೋವಿಗೆ ತೋಟಾ ಹಾಕಬಾರದು. ಕೋವಿಯೇ ಬೇಕೆಂದಾದರೆ ಸರಳವಾದ ಹೊಸದೊಂದನ್ನು ಕಾನೂನಿನ ಪ್ರಕಾರ ಕೊಂಡು, ಅದನ್ನು ಹಾರಿಸುವುದಕ್ಕಿಂತ ಮೊದಲು ಅದಕ್ಕೆ ಬೀಗ ಹಾಕಿಡುವುದನ್ನು ಕಲಿಯುವುದು ಒಳಿತು.